ಒಂದೂಟದ ಕಾಯಿಹಾಲು

ಫ್ರಿಜ್ಜು ಮನೆಗೆ ಬಂದ ದಿನವೇ ಸಿದ್ದಗಂಗಮ್ಮ ಅದಕ್ಕೆ ತಂಗಳು ಪೆಟ್ಟಿಗೆ ಎಂದು ಹೆಸರಿಟ್ಟರು. ಆ ವರ್ಷ ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಅವರ ಮಗ ಮಲ್ಲಿಕಾರ್ಜುನಯ್ಯ ಆ ಖುಷಿಯಲ್ಲಿ ಅದನ್ನು ಬೆಂಗಳೂರಿನಿಂದ ಕೊಬ್ಬರಿ ಲಾರಿಯಲ್ಲೇ ತರಿಸಿದ್ದ. ತಿಪಟೂರಿನ ಅವರ ಬೀದಿಗೆ ಅದು ಎರಡನೆಯದು. ಮೊದಲನೆಯದು ಕೊಬ್ಬರಿ ಮಂಡಿಯ ಹುಚ್ಚರಂಗಯ್ಯನವರ ಮನೆಯಲ್ಲಿತ್ತು. ಅಡುಗೆಮನೆಯ ಹೊಗೆಗೆ ಬಣ್ಣ ಕೆಡುತ್ತದೆಂದು ಇದನ್ನು ನಡುಮನೆಯಲ್ಲಿ, ಅಟ್ಟಕ್ಕೆ ಹತ್ತುವ ಏಣಿಯ ಪಕ್ಕ ನಿಲ್ಲಿಸಿದರು. ಅದರ ತಲೆಯ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಪಕ್ಕದಲ್ಲಿ ಮಣೆಯ ಮೇಲೆ ಸ್ಟೆಬಿಲೈಜರ್. ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಸೊಸೆ ಗುರುಸಿದ್ದಮ್ಮನ ಸೊಂಟದ ಗೊಂಚಲಿಗೆ ಸೇರಿತು.

ಬಂದವರೆಲ್ಲ ಬಾಗಿಲು ತೆಗೆದು ಮುಖವೊಡ್ಡಿ ತಂಪು ನೋಡಿದರು. ಪಕ್ಕದ ಮನೆಯ ಚಿಕ್ಕಗೌರಮ್ಮ ಒಳಗಿನ ದೀಪ ಕಂಡು, ಬಾಗಿಲು ಹಾಕಿದ ಮೇಲೂ ಅದು ಉರಿಯುತ್ತಲೇ ಇರುತ್ತದೋ ಎಂದು ಕೇಳಿದಳು. ಅದಕ್ಕೆ ಮನೆಯವರ್‍ಯಾರಿಗೂ ಉತ್ತರ ಗೊತ್ತಿರಲಿಲ್ಲ. ಸಿದ್ದಗಂಗಮ್ಮ ಮಾತ್ರ ಕಂಬಕ್ಕೊರಗಿ ಕುಳಿತು ಎಲೆಗೆ ಸುಣ್ಣ ಸವರುತ್ತ, "ನಿನ್ನೆ ಸಾರ್ನ ನಾಳೆ ಉಣ್ಣಕ್ಕೆ ಇಷ್ಟು ದುಡ್ಡು ಸುರಿದ್ನಾ ನನ್ ಮಗ" ಎಂದರು. ಎಲ್ಲರೂ ನಕ್ಕರು. ಗುರುಸಿದ್ದಮ್ಮನೂ ನಕ್ಕಳು.

ತೆಂಗಿನ ಸೀಮೆಯ ಹೆಂಗಸರಿಗೆ ಕಾಯಿಗೆ ಬರವಿಲ್ಲ. ಆದರೆ ಬೆಳಿಗ್ಗೆ ತುರಿದ ಕಾಯಿ ಸಂಜೆಗಾಗದು. ಒಂದು ಬಗೆಯ ಜಿಗುಟು ಬಂದು ಹುಳಿ ಹೊಡೆಯುತ್ತದೆ. ಹಾಗಾಗಿ ಎರಡು ಹೊತ್ತೂ ಕಾಯಿ ಒಡೆಯಬೇಕು, ತುರಿಯಬೇಕು, ರುಬ್ಬಬೇಕು. ಮದುವೆಯಾಗಿ ಬಂದಾಗಿನಿಂದ ತುರಿಮಣೆಯ ಮೇಲೆ ಕುಳಿತು ಎದ್ದು ಗುರುಸಿದ್ದಮ್ಮನ ಎಡ ಮೊಣಕಾಲು ಒಂದು ಥರ ಮಡಚಿಕೊಂಡೇ ಇರುತ್ತಿತ್ತು. ಫ್ರಿಜ್ಜು ಬಂದ ಮೇಲೆ ಅವಳು ಬೆಳಿಗ್ಗೆಯೇ ಎರಡು ಹೊತ್ತಿನದನ್ನೂ ರುಬ್ಬಿ ಅರ್ಧವನ್ನು ಒಳಗಿಡತೊಡಗಿದಳು. ಸಂಜೆಯಲ್ಲಿ ಒಂದಿಷ್ಟು ಹೊತ್ತು ಉಳಿಯಿತು. ಆ ಹೊತ್ತಿನಲ್ಲಿ ಅವಳು ಏನೂ ಮಾಡುತ್ತಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ತೆಂಗಿನ ಗರಿಗಳಲ್ಲಿ ಬಿಸಿಲು ಮೇಲೇರುತ್ತ ಹೋಗುವುದನ್ನು ನೋಡುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲದ ಹೊತ್ತು ಅವಳ ಬದುಕಿನಲ್ಲಿ ಅದೇ ಮೊದಲು. ಅತ್ತೆ ಕೇಳಲಿಲ್ಲ. ಅವಳು ಮೆಟ್ಟಿಲ ಮೇಲಿದ್ದಾಗ ಬಾಗಿಲಿಗೆ ಬಂದವರನ್ನು ತಾವೇ ಮಾತಾಡಿಸಿ ಕಳಿಸುತ್ತಿದ್ದರು.

ಆದರೆ ಪೆಟ್ಟಿಗೆಯಲ್ಲಿಟ್ಟದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಅದರಲ್ಲಿ ಜಗಳವೇನೂ ಇರಲಿಲ್ಲ. ಗುರುಸಿದ್ದಮ್ಮ ಅತ್ತೆಗೆಂದು ಒಂದು ಹಿಡಿ ಕಾಯಿಯನ್ನು ಸಂಜೆ ಬೇರೆಯೇ ತುರಿಯುತ್ತಿದ್ದಳು, ಅಷ್ಟೆ. ಅತ್ತೆಯ ಎಲ್ಲ ನೇಮಗಳಲ್ಲಿ ಕಾಯಿಹಾಲಿನ ನೇಮ ದೊಡ್ಡದು. ಕಾಯಿ ರುಬ್ಬಿ ಹಿಂಡಿ, ಬೆಲ್ಲ, ಗಸಗಸೆ, ಏಲಕ್ಕಿ ಹಾಕಿ ಕಾಸಿದ ಆ ಹಾಲನ್ನು ಒತ್ತು ಶ್ಯಾವಿಗೆಗೆ ಸುರಿದುಕೊಂಡು ಉಂಡರೆ ಅವರಿಗೆ ಬೇರೆ ಹಬ್ಬ ಬೇಕಿರಲಿಲ್ಲ. ಆದರೆ ಊಟ ಮುಗಿದು ಮಿಕ್ಕಿದ್ದು ಎಷ್ಟೇ ಇರಲಿ, ಅದು ಎಮ್ಮೆಯ ಮುಸುರೆ ಬಾನಿಗೆ ಹೋಗಬೇಕು. "ಒಂದೂಟದ್ದು ಕಣೇ ಅದು" ಎನ್ನುತ್ತಿದ್ದರು. "ಎರಡ್ನೇ ಊಟಕ್ಕೆ ಬ್ಯಾರೆ ಏನೋ ಆಗಿರ್ತದೆ."

ಶ್ಯಾವಿಗೆ ಒತ್ತಲು ಇಬ್ಬರು ಬೇಕು. ಬೆಂದ ಹಿಟ್ಟಿನ ಉಂಡೆಯನ್ನು ಮರದ ಒರಳಿಗೆ ಹಾಕಿ ಮೇಲಿನ ಉದ್ದ ಹಿಡಿಯ ಮೇಲೆ ಒಬ್ಬರು ಮೈಭಾರ ಬಿಡಬೇಕು. ಕೆಳಗೆ ಇಳಿಯುವ ಎಳೆಗಳಿಗೆ ಇನ್ನೊಬ್ಬರು ತಟ್ಟೆ ಹಿಡಿದು ಸುತ್ತಿಸಬೇಕು. ಸೊಸೆ ಒತ್ತುವವಳು, ಅತ್ತೆ ತಟ್ಟೆ ಹಿಡಿಯುವವರು. ಆ ಮನೆಯಲ್ಲಿ ಅವರಿಬ್ಬರ ನಡುವೆ ಮಾತಿಗಿಂತ ಹೆಚ್ಚು ನಡೆದದ್ದು ಅದು. ಬೀದಿಯ ಯಾವ ಮನೆಯಲ್ಲಿ ಮದುವೆ, ಆರಾಧನೆ ಇದ್ದರೂ ಶ್ಯಾವಿಗೆಗೆ ಗುರುಸಿದ್ದಮ್ಮನಿಗೇ ಕರೆ ಬರುತ್ತಿತ್ತು. ಅವಳ ಕೈಯಲ್ಲಿ ಎಳೆ ಹರಿಯುವುದಿಲ್ಲ ಎಂಬ ಮಾತಿತ್ತು. ತನಗೆ ಯಾವುದಾದರೂ ಹೆಸರಿದ್ದರೆ ಅದು ಇದೊಂದೇ ಎಂದು ಅವಳಿಗೂ ಗೊತ್ತಿತ್ತು.

ಆ ಸೋಮವಾರ ಹಾಲ್ಕುರಿಕೆಯಿಂದ ನೆಂಟರು ಬಂದಿದ್ದರು. ಸಿದ್ದಗಂಗಮ್ಮ ಜ್ವರ ಬಂದು ಗಂಜಿಯಲ್ಲಿದ್ದರು. ಚಿಕ್ಕಗೌರಮ್ಮನನ್ನು ಕರೆದು ತಟ್ಟೆ ಹಿಡಿಸಿಕೊಂಡು ಗುರುಸಿದ್ದಮ್ಮ ಶ್ಯಾವಿಗೆ ಮಾಡಿದಳು. ಊಟವಾದ ಮೇಲೆ ಶ್ಯಾವಿಗೆಯೂ ಮಿಕ್ಕಿತು, ಅರ್ಧ ತಪ್ಪಲೆ ಕಾಯಿಹಾಲೂ ಮಿಕ್ಕಿತು. ಫ್ರಿಜ್ಜಿಲ್ಲದ ಕಾಲವಾಗಿದ್ದರೆ ಬಾನಿಗೆ ಹೋಗುತ್ತಿತ್ತು. ಈಗ ಎರಡನ್ನೂ ಸ್ಟೀಲ್ ಡಬ್ಬಿಗೆ ತುಂಬಿ ಒಳಗಿಟ್ಟಳು. ಮಾರನೆಯ ದಿನ ಮಧ್ಯಾಹ್ನ ಗಂಡ ಹೆಂಡತಿ ಹಂದನಕೆರೆಯ ನೆಂಟರ ಗೃಹಪ್ರವೇಶಕ್ಕೆ ಹೊರಟರು. ಅತ್ತೆಗೆ ಜ್ವರ ಬಿಟ್ಟಿತ್ತು. ಅವರೊಬ್ಬರೇ ಮನೆಯಲ್ಲಿ ಉಳಿದರು. ಚಿಕ್ಕಗೌರಮ್ಮ ಆಗಾಗ ನೋಡಿಕೊಳ್ಳುತ್ತೇನೆ ಎಂದಿದ್ದಳು. ಗುರುಸಿದ್ದಮ್ಮ ಫ್ರಿಜ್ಜಿಗೆ ಬೀಗ ಹಾಕಿ ಬಾಗಿಲ ಬಳಿ ಕಾದಳು. ಮಲ್ಲಿಕಾರ್ಜುನಯ್ಯ ಟವೆಲ್ಲು ಮರೆತೆನೆಂದು ಒಳಗೆ ಹೋಗಿ ಬಂದ. ಒಂದು ರಾತ್ರಿ ಇದ್ದು ಮರುದಿನ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸಾದರು.

ಆ ಸಂಜೆ ಸಿದ್ದಗಂಗಮ್ಮ ಜ್ವರದಲ್ಲಿ ಕೆಟ್ಟ ಬಾಯಿಗೆ ಏನಾದರೂ ಸಿಹಿ ಬೇಕೆನಿಸುತ್ತದೆ ಎಂದರು. ಸೋಮವಾರದ ಶ್ಯಾವಿಗೆ ತಮಗೆ ತಪ್ಪಿಹೋಯಿತಲ್ಲ ಎಂದು ಹೇಳುವಾಗ ಅವರ ಮುಖ ಮಗುವಿನ ಮುಖದ ಹಾಗಿತ್ತು. ಈಗಲೇ ಒತ್ತುತ್ತೇನೆ ಎಂದು ಗುರುಸಿದ್ದಮ್ಮ ಸೆರಗು ಸಿಕ್ಕಿಸಿದಳು. ಬಸ್ಸಿನಲ್ಲಿ ನಿಂತು ಬಂದು ಅವಳ ಎಡಗಾಲು ಊದಿತ್ತು. ಅತ್ತೆ ಆ ಕಾಲನ್ನು ನೋಡಿದರು.

"ಬ್ಯಾಡ ಬುಡು, ಸಾಕಾಗಿ ಬಂದಿದೀಯ. ನಿನ್ ಪೆಟ್ಗೆಯಲ್ಲಿ ಐತಲ್ಲ, ಅದ್ನೇ ಕೊಡು. ಒಂದಿನ ಉಂಡ್ರೆ ಶಿವ ಏನೂ ಅನ್ನಲ್ಲ."

ಗುರುಸಿದ್ದಮ್ಮ ಶ್ಯಾವಿಗೆಯನ್ನು ಹಬೆಯಲ್ಲಿ ಬಿಸಿ ಮಾಡಿದಳು. ಕಾಯಿಹಾಲಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಏಲಕ್ಕಿ ವಾಸನೆ ಬಂತು, ಅಷ್ಟೆ. ಡಬ್ಬಿ ಕೈಗೆ ತಣ್ಣಗಿತ್ತು. ಕಾಸಿ ಕೊಡುತ್ತೇನೆ ಎಂದದ್ದಕ್ಕೆ ಅತ್ತೆ, ಜ್ವರ ಬಂದ ಗಂಟಲಿಗೆ ತಣ್ಣಗಿದ್ದರೇ ಹಿತ ಎಂದರು. ತಟ್ಟೆ ತುಂಬ ಉಂಡು, ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು. ಗುರುಸಿದ್ದಮ್ಮನಿಗೆ ಹಂದನಕೆರೆಯ ಹೋಳಿಗೆ ಊಟವೇ ಇನ್ನೂ ಕರಗಿರಲಿಲ್ಲ. ಗಂಡ ಮಂಡಿಯಿಂದ ಬಂದಿರಲಿಲ್ಲ.

ಚಾಪೆಯ ಮೇಲೆ ಒರಗಿ ಎಲೆ ಹಾಕಿಕೊಳ್ಳುತ್ತ ಅತ್ತೆ ಸಮಾಧಾನದಲ್ಲಿ ಹೇಳಿದರು. "ನೀವಿಲ್ದಾಗ ಚೆನ್ನಾಗಿ ನಿದ್ದೆ ಬಂತು ಕಣೇ ಗುರುಸಿದ್ದಿ. ನಿನ್ ಪೆಟ್ಗೆ ರಾತ್ರಿಯೆಲ್ಲ ಗೊರಕೆ ಹೊಡೀಲಿಲ್ಲ."

"ಕರೆಂಟು ಹೋಗಿತ್ತಾ ಅತ್ತೆ?"

"ಇಲ್ವಲ್ಲ. ದೀಪ ಉರೀತಿತ್ತು. ನಾನೇ ಎದ್ದು ಆರ್ಸ್‌ದೆ."

ಗುರುಸಿದ್ದಮ್ಮ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಒಳಗಿಟ್ಟು ಬಂದು ಫ್ರಿಜ್ಜಿನ ಬಾಗಿಲು ತೆಗೆದಳು. ಎಲ್ಲವೂ ಇಟ್ಟ ಕಡೆಯೇ ಇತ್ತು, ಎಲ್ಲವೂ ತಣ್ಣಗಿತ್ತು. ಬೆಣ್ಣೆಯ ಬಟ್ಟಲನ್ನು ಎಳೆದಳು. ಊರಿಗೆ ಹೊರಡುವ ಮುಂಚೆ ಅವಳೇ ಕೈಯಾರೆ ಗುಂಡಗೆ ಉಂಡೆ ಕಟ್ಟಿ ಇಟ್ಟಿದ್ದ ಬೆಣ್ಣೆ. ಅದೀಗ ಬಟ್ಟಲಿನ ತಳಕ್ಕೆ ಹರಡಿ, ಬಟ್ಟಲಿನ ಆಕಾರವನ್ನೇ ತಾಳಿ ಗಟ್ಟಿಯಾಗಿತ್ತು. ಬೆರಳಿಂದ ಒತ್ತಿದರೆ ಕಲ್ಲಿನ ಹಾಗೆ.

ಮಲ್ಲಿಕಾರ್ಜುನಯ್ಯ ಬಂದು ಕಾಲು ತೊಳೆಯುತ್ತಿದ್ದಾಗ ಬಚ್ಚಲ ಬಳಿ ನಿಂತು ಕೇಳಿದಳು. ಅವನು ಮುಚ್ಚಿಡಲಿಲ್ಲ.

"ನಾನೇ ಆರ್ಸಿದ್ದೆ. ಅವ್ವ ಒಬ್ಳೇ ಇರ್ತಾಳೆ, ಹುಚ್ಚರಂಗಯ್ಯನ ಮನೇಲಿ ಆದಂಗೆ ಸ್ಟೆಬಿಲೈಜರ್ ಸುಟ್ಟು ಗಿಟ್ಟು ಹೊಗೆ ಬಂದ್ರೆ ಏನ್ ಮಾಡ್ತಾಳೆ ಅಂತ. ಬಂದ ತಕ್ಷಣ ಹಾಕಿದೀನಲ್ಲ. ಬೀಗ ಹಾಕಿತ್ತು, ಯಾರೂ ಬಾಗ್ಲು ತೆಗ್ದಿಲ್ಲ. ಒಳಗಿನ ತಂಪು ಎಲ್ಲಿಗೆ ಹೋಗ್ತದೆ?"

ಅದು ಅವನು ನೆಪಕ್ಕೆ ಹುಡುಕಿದ ಮಾತಾಗಿರಲಿಲ್ಲ. ಅವನು ಅಟ್ಟದ ಕೆಳಗೆ ಹುಟ್ಟಿ ಬೆಳೆದವನು. ಮರದಿಂದಿಳಿದ ಕಾಯಿಯನ್ನು ಅಟ್ಟಕ್ಕೇರಿಸಿ, ಬಾಗಿಲು ಮುಚ್ಚಿ, ಒಳಗಿನ ನೀರು ಇಂಗಿ ಕಾಯಿ ಉಂಡೆ ಕೊಬ್ಬರಿಯಾಗುವವರೆಗೆ ವರ್ಷಗಟ್ಟಲೆ ಮುಟ್ಟದೆ ಬಿಡುವವರು ಅವರು. ಮುಚ್ಚಿದ್ದು ಕೆಡುವುದಿಲ್ಲ, ಮತ್ತೆ ಮತ್ತೆ ತೆಗೆದು ನೋಡಿದ್ದು ಕೆಡುತ್ತದೆ ಎಂದು ಅವನ ಅಪ್ಪ ಅವನಿಗೆ ಹೇಳಿದ್ದರು. ಅಟ್ಟದ ಕಾಯಿಗೆ ಅದು ನಿಜವಾಗಿತ್ತು.

ಅವ್ವ ಕಾಯಿಹಾಲು ಕುಡಿದರು ಎಂದು ಗುರುಸಿದ್ದಮ್ಮ ಹೇಳಿದಳು. ಅವನು ಚೊಂಬನ್ನು ಕೆಳಗಿಟ್ಟ. ಏನೂ ಆಗಲ್ಲ ಬಿಡು ಎಂದ. ಅವಳು ಓಮಿನ ನೀರು ಕಾಸಿ ಅತ್ತೆಗೆ ಕೊಟ್ಟಳು. ಯಾಕೆ ಎಂದು ಕೇಳಿದರು ಅವರು. ಸುಮ್ಮನೆ, ಜ್ವರ ಬಂದ ಮೈ ಎಂದಳು. ಹೊಟ್ಟೆ ತಂಪಾಗಿದೆ, ಇದ್ಯಾಕೆ ಖಾರ ಎಂದು ಗೊಣಗುತ್ತಲೇ ಕುಡಿದರು. ಗುರುಸಿದ್ದಮ್ಮ ಚಾಪೆಯ ಪಕ್ಕ ಕೂತಳು. ಕಾಯುವುದನ್ನು ಬಿಟ್ಟು ಮಾಡುವುದೇನೂ ಇರಲಿಲ್ಲ. ನಡುಮನೆಯಲ್ಲಿ ಫ್ರಿಜ್ಜು ಒಮ್ಮೆ ಗೊರಗುಟ್ಟುವುದು, ಆಮೇಲೆ ಸುಮ್ಮನಾಗುವುದು.

ಮಲಗುವ ಹೊತ್ತಿಗೆ ವಾಂತಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಎದ್ದು ಕೂರುವ ಶಕ್ತಿ ಉಳಿದಿರಲಿಲ್ಲ. ಆಸ್ಪತ್ರೆಗೆ ಸೇರಿಸಿ, ಗ್ಲೂಕೋಸ್ ಬಾಟಲಿ ಏರಿಸಿದರು. ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದ ಮಗಳು ವಿಮಲಮ್ಮ ಹತ್ತು ಗಂಟೆಯ ಬಸ್ಸಿಗೆ ಓಡಿಬಂದಳು. ಅವಳು ಬಂದಾಗ ಡಾಕ್ಟರು ಪಡಸಾಲೆಯಲ್ಲಿ ನಿಂತು ಅಣ್ಣ ಅತ್ತಿಗೆಯನ್ನು ವಿಚಾರಿಸುತ್ತಿದ್ದರು. ಏನು ತಿಂದರು, ಯಾವಾಗ ಮಾಡಿದ್ದು, ಬೇರೆ ಯಾರು ತಿಂದರು. ಫ್ರಿಜ್ಜಿನಲ್ಲಿಟ್ಟದ್ದು ಎಂದು ಗುರುಸಿದ್ದಮ್ಮನೇ ಹೇಳಿದಳು.

ಡಾಕ್ಟರು ವಯಸ್ಸಾದವರು, ನಿಧಾನದವರು. ತಣ್ಣಗಿಟ್ಟರೆ ಕ್ರಿಮಿ ಸಾಯುವುದಿಲ್ಲ, ಬೆಳೆಯುವುದು ನಿಧಾನವಾಗುತ್ತದೆ, ಅಷ್ಟೇ ಎಂದರು. ಬೆಚ್ಚಗಾದರೆ ಮತ್ತೆ ಶುರುವಾಗುತ್ತವೆ. ಒಮ್ಮೆ ಬೆಳೆದಾದ ಮೇಲೆ ತಿರುಗಿ ತಣ್ಣಗೆ ಮಾಡಿದರೂ, ಕುದಿಸಿದರೂ, ಅವು ಬಿಟ್ಟ ವಿಷ ಹೋಗದೇ ಇರಬಹುದು. ಅದಕ್ಕೆ ವಾಸನೆ ಬರಲೇಬೇಕೆಂದಿಲ್ಲ, ರುಚಿ ಕೆಡಲೇಬೇಕೆಂದೂ ಇಲ್ಲ. ಆಮೇಲೆ ಮಲ್ಲಿಕಾರ್ಜುನಯ್ಯನ ಕಡೆ ತಿರುಗಿದರು.

"ಫ್ರಿಜ್ಜು ಸರಿಯಾಗಿ ಓಡ್ತಿತ್ತೇನ್ರೀ?"

"ಓಡ್ತಿತ್ತು ಸಾರ್" ಎಂದ ಅವನು.

ಗುರುಸಿದ್ದಮ್ಮನ ಕೈಯಲ್ಲಿ ಗಂಜಿಯ ಫ್ಲಾಸ್ಕಿತ್ತು. ಅವಳು ಗಂಡನ ಮುಖ ನೋಡಿದಳು. ಅವನು ಡಾಕ್ಟರ ಷರ್ಟಿನ ಗುಂಡಿ ನೋಡುತ್ತಿದ್ದ. ಈ ಹೊತ್ತಲ್ಲದಿದ್ದರೆ ಇನ್ನೊಂದು ಹೊತ್ತಿಗೆ ಹೇಳುತ್ತಾನೆ, ಹೇಳದೆ ಎಲ್ಲಿಗೆ ಹೋಗುತ್ತಾನೆ ಎಂದು ಅವಳು ಅಂದುಕೊಂಡಳು. ಹಾಗಂದುಕೊಂಡೇ ಸುಮ್ಮನಿದ್ದಳು.

ಮಾರನೆಯ ಬೆಳಿಗ್ಗೆ ಸಿದ್ದಗಂಗಮ್ಮ ತೀರಿಕೊಂಡರು. ತೋಟದಲ್ಲಿ, ಮಾವನವರ ಗದ್ದುಗೆಯ ಪಕ್ಕ, ವಿಭೂತಿ ಹಚ್ಚಿ ಕುಳ್ಳಿರಿಸಿ ಮಣ್ಣು ಮಾಡಿದರು. ಮನೆಗೆ ಬಂದ ಮೇಲೆ ವಿಮಲಮ್ಮ ನಡುಮನೆಯಲ್ಲಿ, ಹೆಂಗಸರೆಲ್ಲ ಕೂತಿದ್ದ ಕಡೆ, ಯಾರನ್ನೂ ನೋಡದೆ ಒಂದೇ ಮಾತು ಹೇಳಿದಳು. "ನಮ್ಮವ್ವ ಒಂದು ದಿನಾನೂ ಆ ಪೆಟ್ಗೇದ್ನ ಮುಟ್ಟಿದೋಳಲ್ಲ."

ಹೆಂಗಸರು ಫ್ರಿಜ್ಜಿನ ಕಡೆ ನೋಡಿದರು, ಆಮೇಲೆ ಗುರುಸಿದ್ದಮ್ಮನ ಕಡೆ, ಆಮೇಲೆ ನೆಲದ ಕಡೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅಡುಗೆಯವರನ್ನು ತುರುವೇಕೆರೆಯಿಂದ ಕರೆಸಿದರು. ಹಿತ್ತಿಲಲ್ಲಿ ಒಲೆ ಹೂಡಿದರು. ಮನೆಯ ಸೊಸೆ ದುಃಖದಲ್ಲಿದ್ದಾಳೆ, ಅವಳಿಗೆ ಯಾಕೆ ಶ್ರಮ ಎಂದು ಹಿರಿಯರು ಹೇಳಿದರು. ಅದು ಒಳ್ಳೆಯ ಮಾತೇ ಆಗಿತ್ತು. ಗುರುಸಿದ್ದಮ್ಮ ಎಲೆ ಹಾಕಲು ಹೋದರೆ ಯಾರೋ ಅವಳ ಕೈಯಿಂದ ಎಲೆ ತೆಗೆದುಕೊಂಡು, ನೀವು ಕೂತ್ಕಳಿ ಎಂದರು. ನೀರಿನ ಕೊಡ ಮುಟ್ಟಿದರೂ ಹಾಗೆಯೇ. ಅರಸೀಕೆರೆಗೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಎಳೆಮಗು ಕಟ್ಟಿಕೊಂಡು ಬಂದಿದ್ದಳು. ಗುರುಸಿದ್ದಮ್ಮ ಕಾಸಿಟ್ಟಿದ್ದ ಹಾಲು ಒಲೆಯ ಪಕ್ಕ ಇದ್ದರೂ ಮಗಳು ಬೇರೆ ಪಾತ್ರೆ ತೊಳೆದು ಮಗುವಿಗೆ ತಾನೇ ಹಾಲು ಕಾಯಿಸಿಕೊಂಡಳು. ತಾಯಿ ನೋಡುತ್ತಿರುವುದು ಕಂಡು, ಇದಕ್ಕೆ ಬಿಸಿ ಹೆಚ್ಚು ಬೇಕು ಕಣಮ್ಮ ಎಂದಳು. ಗುರುಸಿದ್ದಮ್ಮ ಹೌದು ಎಂದಳು.

ನೆಂಟರೆಲ್ಲ ಹೊರಟುಹೋದ ಮೇಲೆ ಅವಳು ಗಂಡನನ್ನು ಒಂದೇ ಸಲ ಕೇಳಿದಳು. ವಿಮಲಂಗೆ ಹೇಳಿ ಎಂದಳು. ಅವನು ಮಂಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ.

"ಹೋದೋರು ಹೋದ್ರು. ಈಗ ಹೇಳಿ ಏನು ಬಂತು? ಹೆತ್ತೋಳ್ನ ನಾನೇ ಕೊಂದೆ ಅಂತ ಊರ್ ಮುಂದೆ ಹೇಳ್ಕಳ್ಲಾ?"

"ನನ್ನ ಅಂತಾರಲ್ಲ."

"ನಿನ್ನ ಯಾರೇನು ಅಂದವ್ರೆ? ಒಬ್ರಾದ್ರೂ ಬಾಯ್ಬಿಟ್ಟು ಅಂದವ್ರಾ?"

ಅವಳು ಯೋಚಿಸಿದಳು. ಒಬ್ಬರೂ ಅಂದಿರಲಿಲ್ಲ. ಅವನು ಬತ್ತೀನಿ ಎಂದು ಹೊರಟ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಗುರುಸಿದ್ದಮ್ಮ ಎದ್ದಳು, ಅಂಗಳ ಸಾರಿಸಿದಳು, ಎರಡು ಹೊತ್ತೂ ಕಾಯಿ ತುರಿದಳು. ಸಂಜೆ ಮೆಟ್ಟಿಲ ಮೇಲೆ ಕೂರುವ ಹೊತ್ತು ಮತ್ತೆ ಇಲ್ಲವಾಯಿತು. ಅದು ಹೋದದ್ದು ಅವಳಿಗೆ ತಿಳಿಯಲೂ ಇಲ್ಲ. ಸಾರಿಗೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ಎಂದು ನಾಲಗೆಗೆ ಗೊತ್ತಾಗುತ್ತಿರಲಿಲ್ಲ. ಗಂಡ ಉಣ್ಣುವಾಗ ಅವನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಒಂದು ದಿನ ಫ್ರಿಜ್ಜಿನ ಮೇಲುಗೂಡಿನಲ್ಲಿ ಕಟ್ಟಿದ್ದ ಮಂಜನ್ನು ಕೈಯಿಂದಲೇ ಬಿಡಿಸುತ್ತ ನಿಂತವಳಿಗೆ ಬೆರಳು ನೀಲಿಯಾದದ್ದು ಕೆಲಸದವಳು ಹುಚ್ಚಕ್ಕ ಕೂಗಿ ಹೇಳಿದ ಮೇಲೆ ತಿಳಿಯಿತು. ಬಿಸಿನೀರಲ್ಲಿ ಅದ್ದಿದಾಗ ನೋವು ಬರಬಹುದೆಂದು ಕಾದಳು. ಬಹಳ ಹೊತ್ತಿನ ಮೇಲೆ ಬಂತು.

ಐಸಿಗೆಂದು ಬಟ್ಟಲು ಹಿಡಿದು ಬರುತ್ತಿದ್ದ ಚಿಕ್ಕಗೌರಮ್ಮ ಬರುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಎರಡು ಮದುವೆಗಳಾದವು. ಶ್ಯಾವಿಗೆಗೆ ಕರೆ ಬರಲಿಲ್ಲ, ಲಗ್ನಪತ್ರಿಕೆ ಬಂತು. ಹೋದಾಗ ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಮನೆಗೆ ಬಂದವರು ಕಾಫಿ ಬೇಡ, ಈಗ ತಾನೇ ಆಯಿತು ಎನ್ನುತ್ತಿದ್ದರು. ಹೊರಡುವಾಗ ಕುಂಕುಮದ ಜೊತೆ ಕೊಟ್ಟ ಕೊಬ್ಬರಿ ಗಿಟುಕನ್ನೂ ಬೆಲ್ಲವನ್ನೂ ಮಾತ್ರ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ಅವಳ ಕೈಯಿಂದ ಒಣಗಿದ್ದು ನಡೆಯುತ್ತಿತ್ತು, ಹಸಿಯದು ನಡೆಯುತ್ತಿರಲಿಲ್ಲ. ಇದನ್ನು ಅವಳು ದುಃಖದಿಂದ ಕಂಡುಕೊಂಡದ್ದಲ್ಲ. ನೋಡುತ್ತ ನೋಡುತ್ತ ತಿಳಿಯಿತು, ಹಾಗೆಯೇ ನಡೆಸಿಕೊಂಡು ಹೋದಳು. ಆದರೆ ಬಾಗಿಲಲ್ಲಿ ವಿಮಲಮ್ಮನ ಸದ್ದಾದಾಗೆಲ್ಲ ಅವಳು ಗಂಡನ ಕಡೆ ನೋಡುತ್ತಿದ್ದಳು. ಆ ಒಂದು ಮಾತಿಗೆ ಅವಳು ಕಾಯುತ್ತಿದ್ದಳು. ಅದೊಂದು ಬಂದರೆ ಕೈಯಿಂದ ಹೋದದ್ದು ಕೈಗೆ ಬರುತ್ತದೆ ಎಂದುಕೊಂಡಿದ್ದಳು.

ವರ್ಷ ತುಂಬಿ, ಗೌರಿ ಹಬ್ಬಕ್ಕೆ ವಿಮಲಮ್ಮ ತವರಿಗೆ ಬಂದಳು. ಅವ್ವ ಹೋದಾಗಿನಿಂದ ಬಂದಾಗಲೆಲ್ಲ ತರುವಂತೆ ಅವಳ ಕೈಯಲ್ಲಿ ನಾಲ್ಕು ಅಂತಸ್ತಿನ ಕ್ಯಾರಿಯರ್ ಇತ್ತು. ದಾರಿಗೆ ಅಂತ ಮಾಡ್ಕೊಂಡಿದ್ದೆ, ಮಿಕ್ಕಿತು, ಅದನ್ನೇ ಉಣ್ತೀನಿ ಎನ್ನುವುದು ಅವಳ ರೂಢಿ. ಗುರುಸಿದ್ದಮ್ಮ ಮಡಿಲಕ್ಕಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಕಣ ಎಲ್ಲವನ್ನೂ ಮೊರದಲ್ಲಿ ಜೋಡಿಸಿಟ್ಟಿದ್ದಳು. ಮಲ್ಲಿಕಾರ್ಜುನಯ್ಯ ಮಂಡಿಗೆ ಹೋಗಿದ್ದ, ಊಟದ ಹೊತ್ತಿಗೆ ಬರುವವನಿದ್ದ. ಹುಚ್ಚಕ್ಕ ಹಬ್ಬಕ್ಕೆಂದು ಊರಿಗೆ ಹೋಗಿದ್ದಳು.

ಗುರುಸಿದ್ದಮ್ಮ ಆ ದಿನ ಶ್ಯಾವಿಗೆಗೆ ಹಿಟ್ಟು ಬೇಯಿಸಿದ್ದಳು. ಯಾಕೆಂದು ಅವಳನ್ನು ಕೇಳಿದರೆ ಹಬ್ಬ ಎನ್ನುತ್ತಿದ್ದಳು. ಅತ್ತೆ ಹೋದ ಮೇಲೆ ಒರಳನ್ನು ಅಟ್ಟದಿಂದ ಇಳಿಸಿರಲಿಲ್ಲ. ಒಬ್ಬಳೇ ಇಳಿಸಿ, ತೊಳೆದು, ಎಣ್ಣೆ ಸವರಿ, ಹಿಡಿಯ ಮೇಲೆ ಭಾರ ಬಿಟ್ಟಳು. ಎಳೆಗಳು ಇಳಿದು ತಟ್ಟೆಯ ಒಂದೇ ಕಡೆ ಮುದ್ದೆಯಾಗಿ ಬೀಳತೊಡಗಿದವು. ನಡುಮನೆಯಲ್ಲಿ ಕೂತಿದ್ದ ವಿಮಲಮ್ಮ ಎದ್ದು ಬಂದು, ತನ್ನ ಅವ್ವ ಕೂರುತ್ತಿದ್ದ ಹಾಗೆಯೇ ಒಂದು ಕಾಲು ಮಡಚಿ ಕೂತು ತಟ್ಟೆ ಹಿಡಿದು ಸುತ್ತಿಸಿದಳು. ಎರಡು ತಟ್ಟೆ ತುಂಬಿದವು. ಮೂರನೆಯ ಉಂಡೆ ಹಾಕುವಾಗ ಗುರುಸಿದ್ದಮ್ಮನ ಬಾಯಿಂದ ಮಾತು ಹೊರಬಂತು. ಹೊತ್ತು ನೋಡಿ ಆಡಿದ ಮಾತಲ್ಲ ಅದು.

"ಅವತ್ತು ಫ್ರಿಜ್ಜು ಆರ್ಸಿ ಹೋಗಿದ್ದೋರು ನಿಮ್ಮಣ್ಣ ಕಣಮ್ಮ ವಿಮಲ."

ವಿಮಲಮ್ಮನ ಕೈಯಲ್ಲಿ ತಟ್ಟೆ ನಿಲ್ಲಲಿಲ್ಲ. ಸುತ್ತುತ್ತಲೇ ಇತ್ತು.

"ಗೊತ್ತು ಅತ್ತಿಗೆ" ಎಂದಳು.

ಗುರುಸಿದ್ದಮ್ಮ ಹಿಡಿಯ ಮೇಲೆ ಹಾಗೇ ಬಾಗಿದ್ದಳು.

"ಮಣ್ಣು ಮಾಡಿ ಬಂದ ದಿನಾನೇ ಅಣ್ಣ ಅಂದ. ತೋಟದ ತೊಟ್ಟಿ ಹತ್ರ, ಕಾಲು ತೊಳೀವಾಗ. ಎಳೆ ಮಗೀನಂಗೆ ಅತ್ತ."

"ಮತ್ತೆ ನೀನು ಒಳಕ್ಕೆ ಬಂದು ಹಂಗಂದೆ."

"ಏನ್ ಮಾಡ್ಲಿ ಅತ್ತಿಗೆ? ಜನ ಕೇಳ್ತಿದ್ರಲ್ಲ, ಗಟ್ಟಿಯಾಗಿದ್ದೋರು ಹೆಂಗೆ ಹೋದ್ರು ಅಂತ. ಅವನು ಮಂಡೀಲಿ ನಾಕು ಜನದ ನಡುವೆ ಕೂರೋನು. ಅವನ ಮೇಲೆ ಬಂದಿದ್ರೆ ಅವನು ಬದುಕ್ತಿರ್ಲಿಲ್ಲ. ನೀವಾದ್ರೆ ತಡ್ಕಂತೀರ."

ಅದನ್ನು ಅವಳು ಹೊಗಳಿಕೆಯ ಹಾಗೆಯೇ ಹೇಳಿದಳು. ಗುರುಸಿದ್ದಮ್ಮ ಬಾಗಿದ್ದಲ್ಲಿಂದಲೇ ಕೇಳಿದಳು.

"ಗೊತ್ತಿದ್ರೆ ನನ್ ಕೈಯಲ್ಲಿ ಉಣ್ಣಬಹುದಿತ್ತಲ್ಲ. ಕ್ಯಾರಿಯರ್ ಯಾಕೆ ಹೊತ್ಕಂಡ್ ಬತ್ತಿದ್ದೆ?"

"ನಾನು ಉಂಡಿದ್ರೆ, ಮತ್ತೆ ತಪ್ಪು ಯಾರದು ಅಂತ ಜನ ಹುಡುಕ್ತಿದ್ರು" ಎಂದಳು ವಿಮಲಮ್ಮ. ಅವಳ ಕಣ್ಣಲ್ಲಿ ನೀರು ಬಂದಿತ್ತು. ತೋಳಿನಿಂದ ಒರೆಸಿಕೊಂಡಳು. "ಇವತ್ತು ಯಾರೂ ಇಲ್ಲ. ಹಾಕಿ ಅತ್ತಿಗೆ, ಉಣ್ತೀನಿ. ನಿಮ್ ಕೈಯಿನ ಶ್ಯಾವಿಗೆ ಉಂಡು ವರ್ಷ ಆಯ್ತು."

ಗುರುಸಿದ್ದಮ್ಮ ಭಾರ ಬಿಟ್ಟಳು. ಎಳೆಗಳು ಇಳಿದವು. ಒಂದೂ ಹರಿಯಲಿಲ್ಲ.

ಒಲೆಯ ಮೇಲಿನ ಕಾಯಿಹಾಲನ್ನು ಇಳಿಸಿ ಎರಡು ತಟ್ಟೆ ಹಾಕಿದಳು. ಗಂಡಸರು ಉಣ್ಣುವ ಮುಂಚೆ ಅವಳು ಆ ಮನೆಯಲ್ಲಿ ಕೂತು ಉಂಡಿದ್ದಿಲ್ಲ. ಇಂದು ನಾದಿನಿಯ ಎದುರಿಗೆ ಕೂತಳು. ವಿಮಲಮ್ಮ ಎರಡು ಸಲ ಹಾಕಿಸಿಕೊಂಡು ಉಂಡಳು. ಅವ್ವ ಇದ್ದಿದ್ದರೆ ಎಂದಳು. ಬೆಲ್ಲ ಹದವಾಗಿದೆ ಎಂದಳು. ಹೌದೋ ಅಲ್ಲವೋ ಗುರುಸಿದ್ದಮ್ಮನಿಗೆ ಗೊತ್ತಾಗಲಿಲ್ಲ. ಬಿಸಿ ಇದೆ ಎಂದಷ್ಟೇ ಗೊತ್ತಾಯಿತು. ತಟ್ಟೆ ಖಾಲಿ ಮಾಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಯಾವುದೋ ಬಸ್ಸಿಗೆ ಕಾಯುತ್ತ ನಿಂತವರಿಗೆ, ಅದು ಬೆಳಿಗ್ಗೆಯೇ ಹೋಯಿತು ಎಂದು ಯಾರೋ ಹೇಳಿದರೆ ಹೇಗೋ ಹಾಗಿತ್ತು. ಇನ್ನು ರಸ್ತೆ ನೋಡುವ ಕೆಲಸವಿಲ್ಲ.

ಊಟವಾದ ಮೇಲೆ ವಿಮಲಮ್ಮನನ್ನು ಮಣೆಯ ಮೇಲೆ ಕೂರಿಸಿ ಕುಂಕುಮವಿಟ್ಟು ಮಡಿಲು ತುಂಬಿದಳು. ವಿಮಲಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಣ್ಣನನ್ನು ಮಂಡಿಯಲ್ಲೇ ಮಾತಾಡಿಸಿಕೊಂಡು ಬಸ್ಸು ಹಿಡಿಯುತ್ತೇನೆ ಎಂದು, ಬಿಚ್ಚದ ಕ್ಯಾರಿಯರನ್ನು ಹಿಡಿದು ಹೊರಟಳು.

ಗುರುಸಿದ್ದಮ್ಮ ಮಿಕ್ಕಿದ್ದ ಶ್ಯಾವಿಗೆಯನ್ನು ನೋಡಿದಳು. ಒಬ್ಬರ ಊಟಕ್ಕೆ ಸಾಕಾಗುವಷ್ಟಿತ್ತು. ಕಾಯಿಹಾಲೂ ಅಷ್ಟೇ ಇತ್ತು. ಎರಡನ್ನೂ ಎತ್ತಿಕೊಂಡು ನಡುಮನೆ ದಾಟಿ, ಫ್ರಿಜ್ಜಿನ ಮುಂದೆಯೇ ಹಾದು, ಹಿತ್ತಿಲಿಗೆ ಹೋಗಿ ಮುಸುರೆ ಬಾನಿಗೆ ಸುರಿದಳು. ಎಮ್ಮೆ ಕಿವಿ ನಿಮಿರಿಸಿ ಹತ್ತಿರ ಬಂತು. ಅದು ಕುಡಿದು ಮುಗಿಸುವವರೆಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

ಮಲ್ಲಿಕಾರ್ಜುನಯ್ಯ ಬಂದಾಗ ಮನೆಯಲ್ಲಿ ಏಲಕ್ಕಿ ಪರಿಮಳ ಇನ್ನೂ ಇತ್ತು. ತಂಗಿ ಮಂಡಿಯಲ್ಲಿ ಸಿಕ್ಕಿ ಹೇಳಿದ್ದಳೆಂದು ತೋರುತ್ತದೆ. ಅವನು ಅವಳ ಮುಖ ನೋಡದೆ ಮಣೆಯ ಮೇಲೆ ಕೂತ. ಗುರುಸಿದ್ದಮ್ಮ ತಟ್ಟೆಯಿಟ್ಟು ಅನ್ನ ಬಡಿಸಿದಳು, ಸಾರು ಬಡಿಸಿದಳು. ಅವನು ಕೈ ಹಾಕದೆ ಒಲೆಯ ಕಡೆ ನೋಡಿದ.

"ಶ್ಯಾವಿಗೆ ಮಾಡಿದ್ಯಂತಲ್ಲ. ನನ್ ಪಾಲು?"

"ಮುಸುರೆಗೆ ಹಾಕ್ದೆ" ಎಂದಳು ಅವಳು. "ಕಾಯಿಹಾಲು ಒಂದೂಟದ್ದು. ಇಡಬಾರ್ದು."

ಅವನು ತಲೆಯೆತ್ತಿ ಏನೋ ಹೇಳುವವನ ಹಾಗೆ ಬಾಯಿ ತೆರೆದ. ಅವಳು ಕಾಯಲಿಲ್ಲ. ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.